ಹುಳ ಹಣ್ಣಾದ ದಿನ ಬಂದವರು

ಆ ಮೇಡಂ ನಮ್ಮ ಬಾಗಿಲಿಗೆ ಬಂದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ಅವತ್ತೇ ನಮ್ಮ ಹುಳ ಹಣ್ಣಾಗಿತ್ತು.

ರೇಷ್ಮೆ ಸಾಕದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಪ್ಪತ್ತೈದು ದಿನ ಸೊಪ್ಪು ತಿಂದ ಹುಳ ಒಂದು ದಿನ ತಿನ್ನುವುದು ನಿಲ್ಲಿಸಿ, ಮೈ ಹೊಳಪಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದಕ್ಕೇ ಹಣ್ಣಾಯಿತು ಎನ್ನುವುದು. ಆ ಹೊತ್ತಿಗೆ ಸರಿಯಾಗಿ ಅದನ್ನು ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಹಾಳಾಗುತ್ತದೆ. ಮನೆಯಲ್ಲಿ ಕೈ ಆಡುವವರೆಲ್ಲ ಆಯಲೇಬೇಕು. ಹೊರಗಿನವರು ಮಾತ್ರ ಒಳಗೆ ಬರುವಂತಿಲ್ಲ. ರೋಗ ತಗಲುತ್ತದೆ ಎಂದು ರೇಷ್ಮೆ ಇಲಾಖೆಯವರು ಹೇಳುತ್ತಾರೆ, ದೃಷ್ಟಿಯಾಗುತ್ತದೆ ಎಂದು ನಮ್ಮತ್ತೆ ಹೇಳುತ್ತಾರೆ. ಎರಡಕ್ಕೂ ಸೇರಿಸಿ ಹೊಸ್ತಿಲ ಮುಂದೆ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯ ಪಟ್ಟೆ ಎಳೆದಿರುತ್ತೇವೆ.

ಆ ಪಟ್ಟೆಯ ಆಚೆ ನಿಂತ ಮೇಡಂ ಕೈಯಲ್ಲಿ ಫೈಲಿತ್ತು. ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿಯ ವಿಷಯವಾಗಿ ಮನೆ ನೋಡಿ ವರದಿ ಬರೆಯಲು ಚಿಕ್ಕಬಳ್ಳಾಪುರದಿಂದ ಬಂದಿದ್ದರು. ಮಗು ಎಲ್ಲಿ ಮಲಗುತ್ತದೆ, ಅದೊಂದು ತೋರಿಸಿ ಸಾಕು ಎಂದರು. ನಮ್ಮದು ಹಳೇ ಕಾಲದ ಮನೆ. ನಡುಮನೆಯೇ ಹುಳದ ಮನೆ. ಅವಳು ಮಲಗುವ ಕೋಣೆಗೆ ಹೋಗಬೇಕಾದರೆ ನಡುಮನೆ ದಾಟಲೇಬೇಕು. ನಮ್ಮತ್ತೆ ಬಾಗಿಲವಾಡದ ಎರಡೂ ಕಡೆ ಕೈ ಇಟ್ಟು ನಿಂತುಬಿಟ್ಟರು.

“ಇವತ್ತಾಗಲ್ಲ ಕಣಮ್ಮ. ನಾಡಿದ್ದು ಬಾ. ಊಟ ಮಾಡ್ಕೊಂಡೇ ಹೋಗುವಂತೆ.”

ನಾನು ಒಳಗೆ ಎರಡೂ ಕೈ ತುಂಬ ಹಣ್ಣು ಹುಳ ಹಿಡಿದಿದ್ದೆ. ಅದನ್ನು ಚಂದ್ರಿಕೆಗೆ ಬಿಟ್ಟು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹುಡುಗಿ ಹುಳದ ತಟ್ಟೆ ಹಿಡಿದುಕೊಂಡೇ ನಮ್ಮತ್ತೆಯ ಕಂಕುಳ ಕೆಳಗಿಂದ ಇಣುಕಿದ್ದಳು. ಇವತ್ತು ಸ್ಕೂಲಿಲ್ಲವೇ ಎಂದು ಮೇಡಂ ಕೇಳಿದರು.

“ಇದೆ. ಹುಳ ಹಣ್ಣಾಗೈತಲ್ಲ, ಅದ್ಕೆ ಹೋಗಿಲ್ಲ. ಎಲ್ಲರಿಗಿಂತ ನಾನೇ ಬೇಗ ಆಯೋದು.”

ಎಂಥ ಹೆಮ್ಮೆಯಿಂದ ಹೇಳಿದಳು! ಮೇಡಂ ಫೈಲು ತೆಗೆದು ಬರೆದುಕೊಂಡರು. ನಾನು ಮಜ್ಜಿಗೆ ತರುತ್ತೇನೆಂದೆ, ಬೇಡ ಎಂದರು. ಅವರ ಸ್ಕೂಟರ್ ತಿರುವಿನಲ್ಲಿ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಮಗುವನ್ನು ಶಾಲೆ ಬಿಡಿಸಿ ದುಡಿಸುತ್ತಾರೆ ಎಂದೇ ಬರೆದಿರುತ್ತಾರೆ ಎಂದು ನನಗೆ ಗೊತ್ತಾಗಿಹೋಗಿತ್ತು.

ಹುಡುಗಿ ನಮ್ಮವಳಲ್ಲ. ನಮ್ಮ ಊರು ಮೇಲೂರಿನ ಪಕ್ಕದ್ದು. ಎರಡು ಮನೆ ಆಚೆ ಅವಳ ಅಜ್ಜಿ ಇದ್ದರು, ನಮ್ಮ ತೋಟಕ್ಕೆ ಸೊಪ್ಪು ಕೊಯ್ಯಲು ಬರುತ್ತಿದ್ದರು. ತಾಯಿ ತೀರಿಹೋಗಿದ್ದಳು. ತಂದೆ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಕೆಲಸದಲ್ಲಿದ್ದವನು ಆಂಧ್ರದ ಕಡೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಅಜ್ಜಿಯೂ ಹೋದ ದಿನ, ಮಗು ಎಲ್ಲಿ ಊಟ ಮಾಡಿತು ಎಂದು ಯಾರೋ ಕೇಳಿದರು. ನಮ್ಮ ಅಡುಗೆಮನೆಯಲ್ಲಿ ಕೂತಿತ್ತು. ಅಂದಿನಿಂದ ಅಲ್ಲೇ ಉಳಿಯಿತು. ನನ್ನ ಮಗಳು ಮದುವೆಯಾಗಿ ಹೋಗಿ ನಾಲ್ಕು ವರ್ಷವಾಗಿತ್ತು. ದೇವರು ಖಾಲಿ ಜಾಗ ನೋಡಿಯೇ ಕೊಟ್ಟ ಎಂದುಕೊಂಡೆ. ಊರ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಮಗು ಇವರ ಮನೆಯಲ್ಲಿ ಬೆಳೆಯಲಿ ಎಂದು ಬರೆದು, ಸಾಕ್ಷಿ ಹಾಕಿ, ದೇವಸ್ಥಾನದಲ್ಲಿ ಪೂಜೆ ಮಾಡಿಸಿ ನನ್ನ ಮಡಿಲಿಗೆ ಕೊಟ್ಟರು. ಅಷ್ಟಕ್ಕೆ ಎಲ್ಲ ಮುಗಿಯಿತು ಎಂದು ನಾವು ನಂಬಿದ್ದೆವು.

ಮುಗಿದಿಲ್ಲ ಎಂದು ಹೇಳಿದ್ದು ನಮ್ಮ ಅಂಗನವಾಡಿ ಟೀಚರ್. ಅವರೇ ನನ್ನನ್ನು ಆ ಗುಂಪಿಗೆ ಸೇರಿಸಿದರು. ತಮ್ಮ ಹೊಟ್ಟೆಯಲ್ಲಿ ಹುಟ್ಟದ ಮಕ್ಕಳನ್ನು ಸಾಕುತ್ತಿರುವ ಹೆಂಗಸರ ಗುಂಪು ಅದು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಮಂಚೇನಹಳ್ಳಿ ಎಲ್ಲ ಕಡೆಯವರೂ ಇದ್ದಾರೆ. ದಿನಾ ಫೋನಿನಲ್ಲಿ ಮಾತು, ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರದ ಒಂದು ಕಲ್ಯಾಣಮಂಟಪದ ಊಟದ ಹಾಲಿನಲ್ಲಿ ಭೇಟಿ. ಮದುವೆ ಇಲ್ಲದ ಶನಿವಾರ ನೋಡಿ ಮಂಟಪದವರು ಸುಮ್ಮನೆ ಬಿಟ್ಟುಕೊಡುತ್ತಾರೆ.

ಅಲ್ಲಿ ಎರಡು ಕಟ್ಟುಪಾಡು. ಮಗುವಿನ ಹೆಸರು, ಫೋಟೋ ಫೋನಿನಲ್ಲಿ ಹಾಕಬಾರದು. ಇನ್ನೊಂದು, ಯಾರಿಗಾದರೂ ಬುದ್ಧಿ ಹೇಳಬೇಕಾದರೆ ಮೊದಲು ಆ ವಿಷಯದಲ್ಲಿ ತಾನು ಮಾಡಿದ ತಪ್ಪು ಹೇಳಬೇಕು. ತಪ್ಪು ಹೇಳದವರ ಮಾತು ಯಾರೂ ಕೇಳುವುದಿಲ್ಲ. ಮೊದಲ ಸಲ ಹೋದಾಗ ನನಗೆ ನಗು ಬಂತು. ಒಬ್ಬೊಬ್ಬರೂ ಎದ್ದು ನಿಂತು, ನಾನು ಹೀಗೆ ಮಾಡಿ ಕೆಟ್ಟೆ, ನೀವು ಮಾಡಬೇಡಿ ಎನ್ನುತ್ತಿದ್ದರು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ನಾನೇನೂ ತಪ್ಪು ಮಾಡಿಲ್ಲವಲ್ಲ ಎಂದುಕೊಂಡು ಕೋಸಂಬರಿ ತಿಂದು ಬಂದೆ.

ಛಾಪಾ ಕಾಗದಕ್ಕೆ ಬೆಲೆಯಿಲ್ಲ, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನೀವೇ ಕರೆದುಕೊಂಡು ಹೋಗಿ, ಯಾರೋ ದೂರು ಕೊಟ್ಟು ಅವರೇ ಬಂದರೆ ಕಷ್ಟ ಎಂದು ಹೇಳಿದ್ದು ಆ ಗುಂಪಿನವರೇ. ನಾವು ಹೋದೆವು. ಅರ್ಜಿ ಕೊಟ್ಟೆವು. ಮನೆ ನೋಡಲು ಬರುತ್ತಾರೆ ಎಂದರು. ಬಂದದ್ದು ಹೀಗೆ. ಹತ್ತು ದಿನಕ್ಕೆ ಪತ್ರವೂ ಬಂತು, ಮುಂದಿನ ವಾರ ಮಗುವಿನೊಂದಿಗೆ ಹಾಜರಾಗಿ ಎಂದು. ಅವಳು ನಮ್ಮಲ್ಲಿ ಉಳಿಯುತ್ತಾಳೋ, ಸರ್ಕಾರಿ ಬಾಲಮಂದಿರಕ್ಕೆ ಹೋಗುತ್ತಾಳೋ, ಅವತ್ತು ತೀರ್ಮಾನ.

ಪತ್ರ ಓದಿಸಿಕೊಂಡ ನಮ್ಮತ್ತೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಮೂರನೇ ದಿನ ರಾಗಿ ಬೀಸಿಸಿಕೊಂಡು ಬಂದ ಚೀಲ ಇಳಿಸುತ್ತ ಅಂದರು, “ಎಲ್ಲರ ಮನೇಲೂ ಮಕ್ಕಳು ಬೆಳೀತಾವೆ. ಹೋಗಿ ಬಾಗಿಲು ತಟ್ಟಿ, ಬಂದು ಕರ್ಕೊಂಡೋಗಿ ಅಂತ ಹೇಳಿ ಬಂದೋಳು ನೀನೊಬ್ಬಳೇ ನೋಡಮ್ಮ.”

ಗುಂಪಿನ ಮಾತು ಕೇಳಿ ಕೆಟ್ಟೆನೇ ಎಂದು ನನಗೂ ಅನಿಸುತ್ತಿತ್ತು.

ನಮ್ಮ ಯಜಮಾನರು ಹೆಚ್ಚು ಮಾತಾಡುವವರಲ್ಲ. ಅವರು ಹೇಳಿದ್ದು ಒಂದೇ. ಮಗುವಿಗೆ ಹೇಳಿಕೊಡು, ಹುಳದ ಮನೆಗೆ ಹೋಗಿಯೇ ಇಲ್ಲ ಎನ್ನಲಿ, ಆ ದಿನ ಜ್ವರ ಬಂದಿತ್ತು ಎನ್ನಲಿ. ನಾನು ಹೇಳಿಕೊಟ್ಟೆ. ಹೇಳಲು ನಾಚಿಕೆಯಾಗುತ್ತದೆ, ದೇವರ ಗೂಡಿನ ಮುಂದೆಯೇ, ಸ್ನಾನ ಮಾಡಿಸಿ ಜಡೆ ಹಾಕುತ್ತ ಹೇಳಿಕೊಟ್ಟೆ. ಅವಳು ಮಗ್ಗಿ ಕಲಿತ ಹಾಗೆ ರಾಗವಾಗಿ ಕಲಿತಳು. “ನಂಗೆ ಜ್ವರ ಇತ್ತು, ನಾನು ಹುಳ ಮುಟ್ಟಿಲ್ಲ, ನಂಗೆ ಜ್ವರ ಇತ್ತು, ನಾನು ಹುಳ ಮುಟ್ಟಿಲ್ಲ.” ಕುಂಟಾಬಿಲ್ಲೆ ಆಡುವಾಗಲೂ ಅದನ್ನೇ ಹೇಳಿಕೊಂಡು ಕುಂಟುತ್ತಿದ್ದಳು.

ಹಾಜರಾಗಲು ನಾಲ್ಕು ದಿನ ಇದೆ ಎನ್ನುವಾಗ ಗುಂಪಿನ ಗೌರಿಬಿದನೂರಿನ ಅಕ್ಕ ಫೋನ್ ಮಾಡಿದರು. ನಗರಗೆರೆ ಕಡೆಯ ಒಕ್ಕಲು ಮನೆಯವರು, ತೀರಿಹೋದ ತಂಗಿಯ ಎರಡು ಮಕ್ಕಳನ್ನು ಸಾಕುತ್ತಿದ್ದಾರೆ. ಏನು ತಯಾರಿ ಮಾಡಿದ್ದೀರಿ ಎಂದು ಕೇಳಿದರು. ಹೇಳಿದೆ.

“ನನ್ನ ತಪ್ಪು ಮೊದಲು ಹೇಳ್ತೀನಿ ಕೇಳಿ” ಎಂದರು. “ನಾನೂ ನಮ್ಮ ಸಣ್ಣವನಿಗೆ ಹೀಗೇ ಹೇಳ್ಕೊಟ್ಟಿದ್ದೆ. ಎರಡು ಪ್ರಶ್ನೆಗೆ ಪಟಪಟ ಅಂತ ಹೇಳಿದ. ಮೂರನೇದು ಕೇಳಿದ್ರು. ಅದನ್ನ ದೊಡ್ಡಮ್ಮ ಇನ್ನೂ ಹೇಳ್ಕೊಟ್ಟಿಲ್ಲ ಅಂದ.”

ನಾನು ನಕ್ಕೆ. ಅವರು ನಗಲಿಲ್ಲ.

“ಐದು ತಿಂಗಳು ಇಬ್ಬರನ್ನೂ ಬಾಲಮಂದಿರದಲ್ಲಿಟ್ರು. ನಾನು ಸುಳ್ಳು ಹೇಳಿದ್ದಕ್ಕಲ್ಲ. ಮಗು ಕೈಲಿ ಹೇಳಿಸ್ದೆನಲ್ಲ, ಅದಕ್ಕೆ. ಹೆದರಿಸಿ ಇಟ್ಕೊಂಡವರೂ ಹಿಂಗೇ ಹೇಳಿಸ್ತಾರಂತೆ. ನಾನು ಯಾವ ಥರದವಳು ಅಂತ ಅವರಿಗೆ ಹೆಂಗೆ ಗೊತ್ತಾಗ್ಬೇಕು?”

ಚಿಂತಾಮಣಿಯಲ್ಲಿ ನಿವೃತ್ತರಾದ ಟೀಚರಮ್ಮ ಒಬ್ಬರಿದ್ದಾರೆ ಗುಂಪಿನಲ್ಲಿ. ಕಾಗದಪತ್ರದ ವಿಷಯವೆಲ್ಲ ಅವರದೇ. ಅವರು ಅದೇ ದಿನ ಹೇಳಿದರು: ಲಸಿಕೆ ಕಾರ್ಡು ಹುಡುಕಿ, ಛಾಪಾ ಕಾಗದವನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ, ಮನೆ ತೋರಿಸಲಾಗದ ಕಾರಣ ಬರೆದು ಇನ್ನೊಮ್ಮೆ ಬಂದು ನೋಡಿ ಎಂದು ಅರ್ಜಿ ಕೊಡಿ, ಶಾಲೆಯ ಹಾಜರಿ ಬರೆಸಿಕೊಂಡು ಬನ್ನಿ. ಹಾಜರಿ ನೋಡದೆ ಅಲ್ಲಿಗೆ ಹೋಗಬೇಡಿ ಎಂದು ಎರಡು ಸಲ ಹೇಳಿದರು.

ಹಾಜರಿ ಬರೆಸಿಕೊಂಡು ಬಂದೆ. ಆ ವರ್ಷ ಐದು ದಿನ ತಪ್ಪಿಸಿದ್ದಳು. ಅಡುಗೆಮನೆಯ ಗೋಡೆಯಲ್ಲಿ ನಮ್ಮತ್ತೆಯ ಕ್ಯಾಲೆಂಡರ್ ಇದೆ. ಹುಳ ಯಾವ ದಿನ ಜ್ವರಕ್ಕೆ ಕೂತಿತು, ಅಂದರೆ ತಿನ್ನುವುದು ಬಿಟ್ಟು ಪೊರೆ ಕಳಚಿತು, ಯಾವ ದಿನ ಹಣ್ಣಾಯಿತು ಎಂದು ಕುಂಕುಮದ ಬೊಟ್ಟಿಟ್ಟು ಗುರುತು ಮಾಡಿರುತ್ತಾರೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಒಂದು ದಿನ ಅವಳಿಗೆ ನಿಜವಾಗಿ ಹೊಟ್ಟೆನೋವು. ಉಳಿದ ನಾಲ್ಕೂ ದಿನ ಹುಳ ಹಣ್ಣಾದ ಕುಂಕುಮದ ಬೊಟ್ಟಿನ ಮೇಲೇ ಬಿದ್ದಿದ್ದವು.

ಒಲೆಯ ಮುಂದೆ ಕೂತುಬಿಟ್ಟೆ. ಅಲ್ಲಿಯವರೆಗೆ ಮೇಡಂ ನಮ್ಮನ್ನು ತಪ್ಪು ತಿಳಿದರು ಎಂದೇ ನಾನು ಅಳುತ್ತಿದ್ದೆ. ನಾನೂ ಚಿಕ್ಕವಳಿದ್ದಾಗ ಹುಳ ಆಯ್ದಿದ್ದೇನೆ, ನನ್ನ ಮಗಳೂ ಆಯ್ದಿದ್ದಾಳೆ, ಹಣ್ಣು ಹುಳದ ದಿನ ಶಾಲೆಗೆ ಚಕ್ಕರ್ ಎನ್ನುವುದು ನಮ್ಮ ಊರಲ್ಲಿ ಹಬ್ಬದ ಹಾಗೆ. ಆದರೆ ನನ್ನ ಮಗಳು ಇವತ್ತು ಆಯಲ್ಲ ಎಂದು ಕಾಲು ಚಾಚಿ ಕೂರುತ್ತಿದ್ದಳು, ಅವರಪ್ಪನಿಂದ ಬೈಸಿಕೊಂಡು ಆಮೇಲೆ ಏಳುತ್ತಿದ್ದಳು. ಇವಳು ಒಂದು ದಿನವೂ ಆಗಲ್ಲ ಎಂದಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಕೈ ತೊಳೆದು ನಿಲ್ಲುತ್ತಿದ್ದಳು. ಅದನ್ನು ನಾನು ಜಾಣತನ ಎಂದುಕೊಂಡಿದ್ದೆ. ಚೆನ್ನಾಗಿ ಆಯ್ದರೆ ಇಲ್ಲೇ ಇಟ್ಟುಕೊಳ್ಳುತ್ತಾರೆ ಎಂದು ಆ ಮಗು ಲೆಕ್ಕ ಹಾಕಿತ್ತೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ.

ಆ ಸಂಜೆ ದೀಪ ಹಚ್ಚಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಹೇಳಿಕೊಟ್ಟದ್ದೆಲ್ಲ ಮರೆತುಬಿಡು, ಅವರು ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳು ಎಂದೆ.

“ನಿಜ ಹೇಳಿದ್ರೆ ಕರ್ಕೊಂಡೋಗ್ತಾರಾ ದೊಡ್ಡಮ್ಮ?”

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ದೀಪದ ಮುಂದೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

“ಗೊತ್ತಿಲ್ಲ ಕಣಮ್ಮ.”

ಅವಳು ಸ್ವಲ್ಪ ಹೊತ್ತು ನನ್ನ ಬಳೆ ಎಣಿಸಿದಳು. ಆಮೇಲೆ ಇಳಿದು ಹೋದಳು.

ಗೌರಿಬಿದನೂರಿನ ಅಕ್ಕ ಇನ್ನೊಂದು ಮಾತು ಹೇಳಿದ್ದರು. ಒಂದು ಚೀಲ ತಯಾರಿಟ್ಟುಕೊಳ್ಳಿ, ಎರಡು ಜೊತೆ ಬಟ್ಟೆ, ಮನೆಯ ವಾಸನೆಯಿರುವ ಯಾವುದಾದರೂ ಹಳೇ ಬಟ್ಟೆ. ಅವರು ಹಾಗೆ ಮಾಡದೆ ಮಕ್ಕಳು ಉಟ್ಟ ಬಟ್ಟೆಯಲ್ಲೇ ಹೋಗಿದ್ದವಂತೆ. ನಾನು ಮಾಡಲಿಲ್ಲ. ಚೀಲ ಕಟ್ಟಿದರೆ ನಾನೇ ಅವಳನ್ನು ಕಳಿಸಿದ ಹಾಗಾಗುತ್ತದೆ, ಅಪಶಕುನ ಎನಿಸಿತು.

ಹಾಜರಾಗುವ ದಿನ ಮೊದಲ ಬಸ್ಸಿಗೇ ಹೊರಟೆವು. ದೇವರಿಗೆ ಕೈ ಮುಗಿಯುವಾಗ ಬೇಡಿಕೊಳ್ಳಲು ಮಾತೇ ಬರಲಿಲ್ಲ. ಇಷ್ಟು ದಿನ ಕೊಟ್ಟೆಯಲ್ಲ ಎಂದಷ್ಟೇ ಅಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅವಳು ಎರಡು ಇಡ್ಲಿ ತಿಂದಳು, ವಾಂತಿ ಮಾಡಿಕೊಳ್ಳಲಿಲ್ಲ. ಕಚೇರಿಯ ಬಾಗಿಲಲ್ಲಿ ಚಿಂತಾಮಣಿಯ ಟೀಚರಮ್ಮ ಬಂದು ಕಾಯುತ್ತಿದ್ದರು, ನಾನು ಬನ್ನಿ ಎಂದು ಕೇಳಿಯೂ ಇರಲಿಲ್ಲ. ಅವತ್ತು ನನಗೆ ಸಿಕ್ಕಿದ್ದು ಇಷ್ಟು. ಇವನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬೆಂಚಿನ ಮೇಲೆ ಕೂತೆ.

ಮೊದಲು ಮಗುವನ್ನು ಒಬ್ಬಳನ್ನೇ ಒಳಗೆ ಕರೆದರು. ಬಾಗಿಲು ಮುಚ್ಚಿತು. ನಮ್ಮ ಯಜಮಾನರು ವರಾಂಡದ ಆ ತುದಿಯಿಂದ ಈ ತುದಿಗೆ ನಡೆದರು. ಒಳಗಿನ ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಅವಳು ನಕ್ಕದ್ದು ಕೇಳಿಸಿತು. ಟೀಚರಮ್ಮ ನನ್ನ ಕೈ ಮೇಲೆ ಕೈ ಇಟ್ಟರು.

ನನ್ನನ್ನು ಕರೆದಾಗ ಛಾಪಾ ಕಾಗದ, ಹಾಜರಿ, ಅರ್ಜಿ ಮೂರನ್ನೂ ಮೇಜಿನ ಮೇಲಿಟ್ಟೆ. ಮನೆಗೆ ಬಂದಿದ್ದ ಮೇಡಂ ಪಕ್ಕದಲ್ಲಿ ಕೂತಿದ್ದರು. ಮಧ್ಯದಲ್ಲಿದ್ದ ಸಮಿತಿಯ ಹಿರಿಯ ಅಮ್ಮ ಹಾಜರಿ ನೋಡಿ, ಈ ದಿನಗಳಲ್ಲಿ ಮಗು ಏನು ಮಾಡುತ್ತಿತ್ತು ಎಂದು ಕೇಳಿದರು.

“ಹುಳ ಆಯ್ತಿದ್ಲು. ಸ್ಕೂಲು ಬಿಡಿಸಿದ್ದು ನಾನೇ. ಅವಳಾಗಿ ತಪ್ಪಿಸಿಲ್ಲ” ಎಂದೆ. “ತಪ್ಪು ಅಂತ ನಂಗೆ ನಾಲ್ಕು ದಿನದ ಹಿಂದೆ ಗೊತ್ತಾಯ್ತು. ಅವಳಿಗೆ ಜ್ವರ ಇತ್ತು ಅಂತ ಹೇಳ್ಕೊಟ್ಟಿದ್ದೂ ನಾನೇ.”

ಆ ಅಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ಹೇಳಿಕೊಟ್ಟ ಮಾತನ್ನೂ ಮಗು ಹೇಳಿತು, ಅದು ಮರೆತುಬಿಡಬೇಕಾದ ಮಾತು ಎಂಬುದನ್ನೂ ಹೇಳಿತು ಎಂದರು. ಮೇಡಂ ತುಟಿ ಬಿಗಿಹಿಡಿದು ಫೈಲಿನ ಕಡೆ ನೋಡಿದರು.

ತೀರ್ಮಾನ ಮಾತ್ರ ನಾನು ಅಂದುಕೊಂಡ ಹಾಗಾಗಲಿಲ್ಲ. ಮನೆ ನೋಡದೆ ಮಗುವನ್ನು ಅಲ್ಲಿ ಬಿಡುವಂತಿಲ್ಲ, ಎರಡನೇ ವರದಿ ಬರುವವರೆಗೆ ಬಾಲಕಿಯರ ಬಾಲಮಂದಿರದಲ್ಲಿ ಇರಲಿ ಎಂದರು. ಇವತ್ತಿನಿಂದಲೇ.

ನಿಜ ಹೇಳಿಯೂ ಕಳೆದುಕೊಂಡೆ. ಹೊರಗೆ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬಟ್ಟೆಯೂ ಇಲ್ಲವಲ್ಲ ಎಂದು ಆಗ ಹೊಳೆಯಿತು. ಯಜಮಾನರು ಹೆಗಲಿನಿಂದ ಒಂದು ಚೀಲ ಇಳಿಸಿದರು. ಅದು ಬೆಳಿಗ್ಗೆಯಿಂದ ಅವರ ಹೆಗಲ ಮೇಲೇ ಇತ್ತು, ಊಟದ ಬುತ್ತಿ ಎಂದುಕೊಂಡಿದ್ದೆ. ಒಳಗೆ ಎರಡು ಜೊತೆ ಬಟ್ಟೆ, ಬಾಚಣಿಗೆ, ಸತ್ತುಹೋದ ಅವಳ ಅಜ್ಜಿಯ ಸೀರೆಯ ಅರ್ಧ ತುಂಡು. ಕಟ್ಟಿಕೊಟ್ಟವರು ನಮ್ಮತ್ತೆ. ಅಕ್ಕನೊಡನೆ ನಾನು ಫೋನಿನಲ್ಲಿ ಆಡಿದ್ದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದರು.

ಹುಡುಗಿ ಚೀಲ ತೆಗೆದುಕೊಂಡಳು. ಅಳಲಿಲ್ಲ. “ನಾನು ನಿಜಾನೇ ಹೇಳ್ದೆ ದೊಡ್ಡಮ್ಮ” ಎಂದಳು. ಅಷ್ಟೇ.

ಅವಳಿಲ್ಲದ ದಿನಗಳಲ್ಲಿ ನಮ್ಮ ಮನೆಯಲ್ಲಿ ಆದದ್ದು ಇದು. ಸುಳ್ಳು ಹೇಳಿಕೊಡು ಎಂದಿದ್ದ ನಮ್ಮ ಯಜಮಾನರು ಒಂದು ಬೆಳೆ ಬಿಟ್ಟರು. ಹುಳ ತರಲಿಲ್ಲ. ಹಿತ್ತಿಲ ಕಡೆಯ ಕಿಟಕಿ ಕೀಳಿಸಿ ಅವಳ ಕೋಣೆಗೆ ಬೇರೆ ಬಾಗಿಲು ಇಡಿಸಿದರು. ಹುಳದ ಮನೆ ದಾಟದೆ ಕೋಣೆಗೆ ಹೋಗುವ ಹಾಗಿರಲಿ ಎಂದು ಟೀಚರಮ್ಮ ಹೇಳಿದ್ದೇ ತಡ, ಮಾರನೇ ದಿನವೇ ಗಾರೆ ಕೆಲಸದವರು ಬಂದರು. ನೋಡಲು ಬಿಡುವ ದಿನ ನಾವು ಬಾಲಮಂದಿರಕ್ಕೆ ಹೋಗುತ್ತಿದ್ದೆವು. ಮೊದಲ ಸಲ ಅವಳು ನನ್ನ ಮುಖ ನೋಡಲಿಲ್ಲ. ಎರಡನೇ ಸಲ ಹೊಸ ಬಾಗಿಲಿನ ಸುದ್ದಿ ಹೇಳಿದಾಗ, ಅದು ಎಷ್ಟು ಎತ್ತರ ಇದೆ ಎಂದು ಕೇಳಿದಳು.

ಮೇಡಂ ಮತ್ತೆ ಬಂದರು. ಈ ಸಲ ಹೇಳಿಯೇ ಬಂದರು. ನಮ್ಮತ್ತೆ ಅವರ ಕೈ ಹಿಡಿದು ನಡುಮನೆಯ ಮೂಲೆಮೂಲೆ, ಹೊಸ ಬಾಗಿಲು, ಮಂಚ, ಕೊನೆಗೆ ಗೋಡೆಯ ಮಾಡದಲ್ಲಿದ್ದ ಉಪ್ಪಿನಕಾಯಿ ಜಾಡಿಯನ್ನೂ ತೋರಿಸಿದರು. “ಅವತ್ತು ನಿಂತ್ಕೊಂಡು ಹೋದ್ಯಲ್ಲ, ಇವತ್ತು ಎಲ್ಲ ನೋಡ್ಕೊಂಡು ಹೋಗಮ್ಮ” ಎಂದರು. ಮೇಡಂ ಈ ಸಲ ಮಜ್ಜಿಗೆ ಕುಡಿದರು.

ಒಂದು ವರ್ಷದ ಮಟ್ಟಿಗೆ ಪೋಷಕರಾಗಿ ನಮ್ಮ ಮನೆಯಲ್ಲೇ ಇಟ್ಟುಕೊಳ್ಳಲು ಆದೇಶವಾಯಿತು. ಆಗಾಗ ಬಂದು ನೋಡುತ್ತಾರೆ, ವರ್ಷ ಕಳೆದ ಮೇಲೆ ಮತ್ತೆ ಯೋಚಿಸುತ್ತಾರೆ. ಮಗು ಹುಳದ ಕೆಲಸ ಮಾಡಬಾರದು, ಶಾಲೆ ತಪ್ಪಬಾರದು. ಅವಳು ನಮ್ಮವಳಾದಳು ಎಂದು ಯಾವ ಕಾಗದದಲ್ಲೂ ಬರೆದಿಲ್ಲ. ವರ್ಷವೊಂದು ಸಿಕ್ಕಿದೆ.

ಬಂದ ಮೇಲೆ ರೊಟ್ಟಿ ಚೂರುಗಳನ್ನು ದಿಂಬಿನ ಕೆಳಗೆ ಬಚ್ಚಿಡಲು ಶುರುಮಾಡಿದಳು. ಬೈಯಲು ಹೊರಟವಳು ಮೊದಲು ಗುಂಪಿನಲ್ಲಿ ಕೇಳಿದೆ. ಮಂಚೇನಹಳ್ಳಿಯವರೊಬ್ಬರು, ನಾನು ಬೈದು ಕೆಟ್ಟೆ, ನೀವು ಅವಳದೇ ಒಂದು ಡಬ್ಬಿ ಮಾಡಿಕೊಡಿ, ಅದು ಖಾಲಿಯಾಗದ ಹಾಗೆ ನೋಡಿಕೊಳ್ಳಿ ಎಂದರು. ಹುರಿಗಡಲೆ ಬೆಲ್ಲ ತುಂಬಿ ಕೊಟ್ಟೆ. ಒಂದೂವರೆ ತಿಂಗಳಿಗೆ ದಿಂಬಿನ ಕೆಳಗೆ ಏನೂ ಸಿಗದಾಯಿತು. ಆ ತಿಂಗಳ ಶನಿವಾರ ಊಟದ ಹಾಲಿನಲ್ಲಿ ಹೊಸಬಳೊಬ್ಬಳು ಬಂದಿದ್ದಳು. ಅವಳೂ ರೇಷ್ಮೆಯವಳೇ, ಮನೆ ನೋಡಲು ಯಾವಾಗ ಬರುತ್ತಾರೋ ಎಂದು ಹೆದರಿದ್ದಳು. ನಾನು ಮೊದಲ ಸಲ ಎದ್ದು ನಿಂತೆ. ನಾಲ್ಕು ದಿನ, ಕುಂಕುಮದ ಬೊಟ್ಟು, ಜ್ವರದ ಸುಳ್ಳು, ಎಲ್ಲ ಹೇಳಿದೆ. ಆಮೇಲೆ ಅವಳಿಗೆ, ಹುಳ ಹಣ್ಣಾಗುವ ದಿನವನ್ನು ಮೊದಲೇ ಕಚೇರಿಗೆ ಬರೆದು ತಿಳಿಸು, ಅವರು ಬಂದರೆ ಬೇರೆ ಬಾಗಿಲಿನಿಂದ ಒಳಗೆ ಕರೆದುಕೋ ಎಂದೆ.

ಕಳೆದ ವಾರ ಮತ್ತೆ ನಮ್ಮ ಹುಳ ಹಣ್ಣಾಯಿತು. ಬುಧವಾರ. ಆಯಲು ಬರುತ್ತೇನೆಂದಿದ್ದ ಇಬ್ಬರು ಬರಲಿಲ್ಲ. ನಡುಮನೆಯಲ್ಲಿ ನಮ್ಮತ್ತೆ, ಯಜಮಾನರು ಇಬ್ಬರೇ ಬಗ್ಗಿದ್ದರು. ಹುಡುಗಿ ಯೂನಿಫಾರ್ಮ್ ಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ ಕೂತು ಒಂದು ಶೂ ಲೇಸನ್ನು ಮೂರು ಸಲ ಬಿಚ್ಚಿ ಕಟ್ಟಿದಳು. ನಮ್ಮ ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು. ಒಂದೇ ಒಂದು ಗಂಟೆ ಅವಳೂ ಆಯಲಿ ಎಂದು ಆ ಕಣ್ಣಲ್ಲಿತ್ತು. ನಾನು ತಟ್ಟೆ ಕೆಳಗಿಟ್ಟು ಅವಳ ಕೈ ಹಿಡಿದು ಹೊರಟೆ.

“ಇವತ್ತು ಹಣ್ಣು ಹುಳ ಅಲ್ವಾ ದೊಡ್ಡಮ್ಮ?” ದಾರಿಯಲ್ಲಿ ಕೇಳಿದಳು.

“ಹೂಂ.”

“ಮತ್ತೆ ನೀನ್ಯಾಕೆ ಬಂದೆ?”

“ನಿನ್ನ ಸ್ಕೂಲ್ ಗೇಟ್ ತನಕ ಬಿಡೋಕೆ.”

“ಅಷ್ಟೊತ್ತಿಗೆ ಹುಳ ಸೊಪ್ಪಿನ ಮೇಲೇ ಕಟ್ಬಿಡ್ತಾವೆ.”

“ಕಟ್ಲಿ ಬಿಡು.”

ಅವಳು ಗೇಟಿನೊಳಗೆ ಹೋಗುವವರೆಗೆ ನಿಂತಿದ್ದೆ. ತಿರುಗಿ ನೋಡಿದಳು, ಇನ್ನೂ ಇದ್ದೀನಾ ಎಂದು. ಇದ್ದೆ. ಮನೆಗೆ ಓಡಿ ಬರುವಷ್ಟರಲ್ಲಿ ಎರಡು ತಟ್ಟೆ ಹುಳ ಸೊಪ್ಪಿನ ಮೇಲೇ ನೂಲು ಬಿಟ್ಟಿತ್ತು. ನಮ್ಮತ್ತೆ ಅದನ್ನು ಬೇರೆ ತೆಗೆದು ಇಡುತ್ತಿದ್ದರು. ಸಂಜೆ ಕ್ಯಾಲೆಂಡರ್ ನೋಡಿದೆ. ಕುಂಕುಮದ ಬೊಟ್ಟು ಇಟ್ಟಿದ್ದರು. ಅದರ ಪಕ್ಕದಲ್ಲೇ ಸೀಸದ ಕಡ್ಡಿಯಲ್ಲಿ ಒಂದು ಗೆರೆ ಎಳೆದಿದ್ದರು. ಓದು ಬರಹ ಬಾರದ ಕೈ, ಗೆರೆ ಸೊಟ್ಟಗಿತ್ತು. ಇದೇನು ಎಂದು ಕೇಳಿದೆ.

“ಮಗು ಸ್ಕೂಲಿಗೋದ ಗುರುತು” ಎಂದರು.